ಹದಿನೈದನೇ ಹಲಗೆ

ಹಲಗೆ ಹಾಸಿದ್ದು ಮೂರು ದಿನಕ್ಕೆ. ಅಂಚು ಮುಗಿಸಿದ್ದು ಹನ್ನೊಂದು ದಿನಕ್ಕೆ. ಸಿವಿಲ್ ಓದುವ ನಾಲ್ಕು ಮಂದಿ ಕೂಡಿ, ಹತ್ತು ಅಡಿ ಅಗಲ ಹನ್ನೆರಡು ಅಡಿ ಉದ್ದದ ಒಂದು ಖೋಲಿಯ ಅಂಚಿಗೆ ಹನ್ನೊಂದು ದಿನ ತಗೊಂಡೆವು ಅಂತ ಬರೆಯಲು ನಾಚಿಕೆ ಆಗ್ತದ. ಆದರೂ ಬರೀತೀವಿ. ನಾಲ್ಕು ವರ್ಷದಾಗ ನಾವು ಕೈಯಾರೆ ಮಾಡಿ ಮುಗಿಸಿದ ಕೆಲಸ ಅಂದ್ರ ಇದೊಂದೇ. ಉಳಿದದ್ದೆಲ್ಲ ಹಾಳೆಯ ಮೇಲಿನದು.

ಖೋಲಿ ಇರೋದು ಬೀಳಗಿ ತಾಲೂಕಿನ ಬಾಡಗಂಡಿಯಲ್ಲಿ, ನಮ್ಮೊಳಗೊಬ್ಬನ ಮನೆಯ ಮಾಳಿಗೆ ಮೇಲೆ. ಬಾಗಲಕೋಟೆಯಿಂದ ಬಸ್ಸು ಹತ್ತಿದರೆ ಘಟಪ್ರಭೆಯ ಮೇಲಿನ ಅನಗವಾಡಿ ಸೇತುವೆ ದಾಟಿ ಹೋಗಬೇಕು. ಮೇ ತಿಂಗಳಲ್ಲಿ ಆ ಸೇತುವೆ ಮೇಲಿಂದ ನೋಡಿದರೆ ಕೆಳಗೆ ಬರೀ ಕೆಸರು, ಅಲ್ಲಲ್ಲಿ ನೀರಿನ ಮಡು. ಅದೇ ಆಗಸ್ಟಿನಲ್ಲಿ ದಂಡೆ ಎಲ್ಲಿ ಅಂತ ಕಣ್ಣಿಗೆ ಹತ್ತುವುದಿಲ್ಲ. ಆಲಮಟ್ಟಿಯ ಹಿನ್ನೀರು.

ನಮ್ಮ ಕಡೆ ನೆಲ ಅಂದ್ರ ಫರಸಿ. ಈಗ ಟೈಲ್ಸು. ಕಟ್ಟಿಗೆಯ ನೆಲ ಅಂತ ಯಾರೂ ಕೇಳಿಲ್ಲ, ಸಿನಿಮಾದಾಗ ನೋಡಿರಬೇಕು. ಹಂಗಂತ ಇರಲೇ ಇಲ್ಲ ಅನ್ನುವಂತೆಯೂ ಇಲ್ಲ. ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಿ ಜಂತಿಯ ಮೇಲೆ ಹಲಗೆ ಬಡಿದ ಅಟ್ಟ ಇರುತ್ತಿತ್ತು. ಜೋಳದ ಚೀಲ, ಶೇಂಗಾ, ಹಬ್ಬದ ಭಾಂಡೆ, ಮುದುಕರ ಹಾಸಿಗೆ ಎಲ್ಲ ಅಲ್ಲೇ. ಮುತ್ಯಾನ ಹಳೇ ಊರಿನ ಮನೆಯಲ್ಲಿಯೂ ಅಂಥದೊಂದು ಅಟ್ಟ ಇತ್ತು, ಹದಿನೈದು ಸಾಗವಾನಿ ಹಲಗೆಗಳದ್ದು. ಒಂದೊಂದು ಎಂಟು ಇಂಚು ಅಗಲ, ಒಂದಿಂಚು ದಪ್ಪ. ದಾಂಡೇಲಿ ಕಡೆಯಿಂದ ಬಂದ ಕಟ್ಟಿಗೆ ಅಂತ ಮುತ್ಯಾನ ಅಪ್ಪ ಹೇಳುತ್ತಿದ್ದರಂತೆ.

ಆ ಊರು ಈಗ ನೀರಾಗಿದೆ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹಾದೂರ್ ಶಾಸ್ತ್ರಿಯವರ ಕೈಯಿಂದ. ಆಮೇಲೆ ಮೂವತ್ತು ವರ್ಷ ಜನ ‘ಬರ್ತದ, ಬರ್ತದ’ ಅಂತ ಅಂದುಕೊಳ್ಳುತ್ತ ಮದುವೆ ಮಾಡಿದರು, ಬಾವಿ ತೋಡಿದರು. 2000ನೇ ಇಸವಿ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು 519.60 ಮೀಟರಿನ ತನಕ ನೀರು ನಿಲ್ಲಿಸಬಹುದು ಅಂದ ಮೇಲೆ ಅನುಮಾನ ಉಳಿಯಲಿಲ್ಲ. ಮನೆ ಬಿಡುವ ಮುಂಚೆ ಮುತ್ಯಾ ಬಾಗಿಲು, ಚೌಕಟ್ಟು, ಕಂಬ, ಜಂತಿ, ಅಟ್ಟ ಎಲ್ಲವನ್ನೂ ಬಿಚ್ಚಿಸಿ ಟ್ರ್ಯಾಕ್ಟರಿಗೆ ಏರಿಸಿದರು. ಒಂದೊಂದು ತುಂಡಿನ ಬೆನ್ನಿಗೂ ಡಾಂಬರಿನಿಂದ ಅಂಕಿ ಬರೆದರು. ಎಲ್ಲಿತ್ತೋ ಅಲ್ಲೇ ಮತ್ತೆ ಕೂಡಿಸುವುದು ಅಂತ. ಆದರೆ ಬಾಡಗಂಡಿಯಲ್ಲಿ ಕಟ್ಟಿದ್ದು ಆರ್‌ಸಿಸಿ ಮನೆ. ಅದಕ್ಕೆ ಕಂಬವೂ ಬೇಡ, ಜಂತಿಯೂ ಬೇಡ, ಅಟ್ಟವಂತೂ ಮೊದಲೇ ಬೇಡ. ಒಂದು ಬಾಗಿಲು, ಒಂದು ಹೊಸ್ತಿಲು ಉಪಯೋಗಕ್ಕೆ ಬಂದವು. ಹದಿನೈದು ಹಲಗೆ ಇಪ್ಪತ್ತು ವರ್ಷಕ್ಕೂ ಮೇಲೆ ದನದ ಮನೆಯ ತೊಲೆಗಳ ಮೇಲೆ ಮಲಗಿದ್ದವು. ಹೊಗೆ ಕುಡಿದು, ಕೋಳಿ ಕೂತು, ಕರ್ರಗಾಗಿದ್ದವು.

ಕಳೆದ ವರ್ಷ ಮಾಳಿಗೆ ಮೇಲೆ ಒಂದು ಖೋಲಿ ಕಟ್ಟಿದರು. ಟೈಲ್ಸ್ ಯಾವುದು ತರೋದು ಅಂತ ಮಾತು ಬಂದಾಗ ಮುತ್ಯಾ ‘ನೆಲಕ್ಕ ನನ್ನ ಹಲಗಿ ಹಾಕ್ರಿ’ ಅಂದುಬಿಟ್ಟರು. ಮನೆಯವರು ನಕ್ಕರು. ಮೊಮ್ಮಗ ನಗಲಿಲ್ಲ. ನಮ್ಮ ಹಾಸ್ಟೆಲಿಗೆ ಫೋನು ಬಂತು.

ಹಾಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಲ್ಯಾಬಿನ ಮಟ್ಟ ನೋಡಿ, ಮೇಲೆ ದಪ್ಪ ಪಾಲಿಥಿನ್ ಹಾಳೆ ಹಾಸಿ, ಅದರ ಮೇಲೆ ಎರಡಿಂಚಿನ ರೀಪು ಅಡ್ಡಡ್ಡ ಕೂಡಿಸಿ, ರೀಪಿನ ಮೇಲೆ ಹಲಗೆ. ಊರಿನ ಬಡಿಗೇರ ಕಾಕಾ ಮುಂದೆ ನಿಂತು ಮಾಡಿಸಿದರು. ಅರವತ್ತು ದಾಟಿದ ಮನುಷ್ಯ, ಈಗ ಬಂಡಿ ಗಾಲಿಯ ಕೆಲಸ ಇಲ್ಲದ್ದಕ್ಕೆ ಬಾಗಿಲು-ಕಿಡಕಿ ಮಾಡುತ್ತಾರೆ. ಒಂದು ವಿಷಯಕ್ಕೆ ಮಾತ್ರ ಅವರು ಮೊದಲ ದಿನವೇ ನಮ್ಮನ್ನು ತಡೆದರು. ನಾವು ಮೊದಲ ಹಲಗೆಯನ್ನು ಗೋಡೆಗೆ ಒತ್ತಿ, ಸುತ್ತಿಗೆಯಿಂದ ಬಡಿದು ಬಿಗಿಯಾಗಿ ಕೂಡಿಸಿದ್ದೆವು. ಬಿಗಿ ಇದ್ದಷ್ಟು ಗಟ್ಟಿ ಅಂತ ನಮ್ಮ ತಲೆಯಲ್ಲಿ. ಕಾಕಾ ಬಂದು ನೋಡಿ, ಏನೂ ಅನ್ನದೆ, ಹಲಗೆ ಎಬ್ಬಿಸಿ ಗೋಡೆಗೂ ಅದಕ್ಕೂ ನಡುವೆ ಅರ್ಧ ಇಂಚಿನ ನಾಲ್ಕು ಬೆಣೆ ಇಟ್ಟರು. ಹಲಗೆ ಹಲಗೆಯ ನಡುವೆ ಎರಡು ಇಸ್ಪೀಟು ಎಲೆ ಹಿಡಿಸುವಷ್ಟು ಸಂದು ಬಿಡಿಸಿದರು. ಸ್ಕ್ರೂ ಕೂಡ ಹಲಗೆಯ ಎರಡೂ ಅಂಚಿಗೆ ಅಲ್ಲ, ನಡುವಿನಲ್ಲಿ ಹತ್ತಿರ ಹತ್ತಿರ ಎರಡು.

“ಯಾಕ ಕಾಕಾ?”

“ಉಸರಾಡಾಕ ಬೇಕಲ್ಲಪಾ ಅದಕ್ಕ.”

ಕಟ್ಟಿಗೆ ಉಸಿರಾಡ್ತದ ಅನ್ನೋದನ್ನ ನಾವು ಪಾಲಿಶ್ ಡಬ್ಬಿಯ ಜಾಹೀರಾತಿನಲ್ಲಿ ಓದಿದ್ದೆವು. ಸುಮ್ಮನಾದೆವು.

ಮೂರನೇ ದಿನ ಸಂಜೆಗೆ ಹದಿನಾಲ್ಕು ಹಲಗೆ ಕೂತವು. ಫೋಟೊ ತೆಗೆದು ಕ್ಲಾಸಿನ ಗ್ರೂಪಿಗೆ ಹಾಕಿದೆವು. ಶಹಬ್ಬಾಸ್‌ಗಳು ಬಂದವು. ಒಬ್ಬ ಜೂನಿಯರ್ ಮಾತ್ರ ಕೇಳಿದ: “ಅಣ್ಣಾ, ಸುತ್ತಲೂ ಬೊಟ್ಟು ಹೋಗುವಷ್ಟು ಖಾಲಿ ಐತಲ್ಲ, ಅದನ್ನ ಏನ್ ಮಾಡ್ತೀರಿ?”

ನಮ್ಮ ಬಳಿ ಉತ್ತರ ತಯಾರಿತ್ತು. ಕೊನೆಯ ಹಲಗೆ ಕೂಡಿಸಿದ ಮೇಲೆ ಸುತ್ತಲಿನ ಸಂದಿಗೆ ಮರದ ಹುಡಿ ಮತ್ತು ಅಂಟು ಕಲಸಿ ತುಂಬುವುದು, ಇಲ್ಲದಿದ್ದರೆ ಸಿಮೆಂಟು. ಆ ರಾತ್ರಿ ಊಟಕ್ಕೆ ಕೂತಾಗ ಇದನ್ನು ಕಾಕಾಗೆ ಹೇಳಿದೆವು. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, “ಶ್ರಾವಣದಾಗ ನೆಲಾ ಎದ್ದು ಗುಡಿ ಗೋಪುರ ಆಗ್ತದ, ಆವಾಗ ನನ್ನ ಕರೀಬ್ಯಾಡ್ರಿ” ಅಂದರು.

ಮಾಳಿಗೆ ಮೇಲೆ ಹಾಸಿಗೆ ಹಾಸಿಕೊಂಡು ಮೊಬೈಲ್ ಬೆಳಕಿನಲ್ಲಿ ಲೆಕ್ಕಕ್ಕೆ ಕೂತೆವು. ಕಾಕಾ ಹೇಳಿದ್ದು ಸುಳ್ಳು ಅಂತ ತೋರಿಸಬೇಕು ಅನ್ನುವ ಹಟವೂ ಇತ್ತು, ಮುಚ್ಚಿಡುವುದು ಯಾಕೆ. ಅಮೆರಿಕದ ಅರಣ್ಯ ಇಲಾಖೆಯ ಪ್ರಯೋಗಾಲಯದವರು ಕಟ್ಟಿಗೆಯ ಬಗ್ಗೆ ದೊಡ್ಡ ಕೈಪಿಡಿ ಮಾಡಿ ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದಾರೆ. ಅದರಲ್ಲಿ ಸಾಗವಾನಿಗೂ ಅಂಕಿ ಇದೆ. ಕಟ್ಟಿಗೆ ಉದ್ದಕ್ಕೆ ಹಿಗ್ಗುವುದು ಇಲ್ಲ ಅನ್ನುವಷ್ಟು ಕಡಿಮೆ. ಅಗಲಕ್ಕೆ ಮಾತ್ರ ಹಿಗ್ಗುತ್ತದೆ. ಅದೂ ಬಿಸಿಲಿಗಲ್ಲ, ಹವೆಯ ತೇವಕ್ಕೆ. ಕಟ್ಟಿಗೆಯ ತೇವ ನೂರಕ್ಕೆ ಒಂದು ಏರಿದರೆ, ಬೆಳವಣಿಗೆಯ ಉಂಗುರದ ಗುಂಟ ಸೀಳಿದ ಸಾಗವಾನಿ ಹಲಗೆ ತನ್ನ ಅಗಲದ ಸಾವಿರಕ್ಕೆ ಸುಮಾರು 1.9 ಪಾಲು ಹಿಗ್ಗುತ್ತದೆ.

ನಮ್ಮ ಹಲಗೆಯ ತೇವ ಎಷ್ಟು? ಅದಕ್ಕೊಂದು ತುಂಡನ್ನು ಬಾಗಲಕೋಟೆಗೆ ಒಯ್ದು ತೂಗಿ, ಲ್ಯಾಬಿನ ಒಲೆಯಲ್ಲಿ 103 ಡಿಗ್ರಿಗೆ ಇಡೀ ದಿನ ಇಟ್ಟು, ಮತ್ತೆ ತೂಗಿದೆವು. ಮಣ್ಣಿನ ತೇವ ನೋಡುವ ಪ್ರಯೋಗ ಮೂರನೇ ಸೆಮಿಸ್ಟರಿನಲ್ಲಿ ಮಾಡಿದ್ದೆವಲ್ಲ, ಹೆಚ್ಚು ಕಡಿಮೆ ಅದೇ. ಏಳರ ಆಸುಪಾಸು ಬಂತು. ಮಳೆಗಾಲದಲ್ಲಿ, ಹಿನ್ನೀರು ತುಂಬಿದಾಗ, ಕಿಡಕಿ ತೆರೆದ ಖೋಲಿಯಲ್ಲಿ ಹನ್ನೆರಡಕ್ಕೆ ಹೋದೀತು ಅಂತ ಹಿಡಿದೆವು. ಐದರ ಏರಿಕೆ. 203 ಮಿಲಿಮೀಟರ್ ಅಗಲದ ಒಂದು ಹಲಗೆ ಸುಮಾರು 1.9 ಮಿಲಿಮೀಟರ್ ಹಿಗ್ಗಬೇಕು. ಹದಿನೈದು ಹಲಗೆಗೆ 28 ಮಿಲಿಮೀಟರ್. ಒಂದಿಂಚಿಗಿಂತ ಹೆಚ್ಚು! ಅದೇ ಹತ್ತು ಅಡಿ ಉಕ್ಕಿನ ಸಲಾಕೆಯನ್ನು ಮೂವತ್ತು ಡಿಗ್ರಿ ಕಾಯಿಸಿದರೆ ಉದ್ದವಾಗುವುದು ಒಂದು ಮಿಲಿಮೀಟರಿಗೆ ತುಸು ಮೇಲೆ. ಅಷ್ಟಕ್ಕೇ ಸೇತುವೆಗೆ ಸಂದು ಬಿಡ್ತಾರ. ಅನಗವಾಡಿ ಸೇತುವೆ ಮೇಲೆ ಬಸ್ಸು ಧಡ್ ಧಡ್ ಅಂತ ಹಾರುವಾಗ ನಾವೇ ಒಬ್ಬರಿಗೊಬ್ಬರು ‘ಎಕ್ಸ್‌ಪಾನ್ಶನ್ ಜಾಯಿಂಟ್’ ಅಂತ ಹೇಳಿಕೊಂಡು ಬಂದವರು.

ಆಮೇಲೆ ಕಾಕಾನ ಲೆಕ್ಕ ಹಾಕಿದೆವು. ಎರಡು ಇಸ್ಪೀಟು ಎಲೆ ಅಂದರೆ 0.6 ಮಿಲಿಮೀಟರ್, ಹದಿನಾಲ್ಕು ಸಂದಿಗೆ ಎಂಟು ಮಿಲಿಮೀಟರ್ ಹತ್ತಿರ. ಎರಡೂ ಗೋಡೆ ಬದಿಗೆ ಅರ್ಧರ್ಧ ಇಂಚು, ಅಲ್ಲಿಗೆ ಇಪ್ಪತ್ತೈದು. ಒಟ್ಟು 33. ಬೇಕಾದದ್ದು 28. ಕಾಕಾ ಐದು ಮಿಲಿಮೀಟರ್ ಕೈಯಲ್ಲಿ ಇಟ್ಟುಕೊಂಡಿದ್ದರು. ಯಾರೂ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಸಿಮೆಂಟು ಚೀಲವನ್ನು ಕೆಳಗೆ ಇಳಿಸಿದೆವು.

ಹಂಗಾದರೆ ಅಂಚು ಮುಗಿಸುವುದು ಅಂದರೆ ಸಂದು ತುಂಬುವುದಲ್ಲ. ಸಂದು ಹಾಗೇ ಇರಬೇಕು, ಕಣ್ಣಿಗೆ ಕಾಣಬಾರದು, ಕಸ-ಇರುವೆ ಹೋಗಬಾರದು, ಒಳಗೆ ಹಲಗೆ ತನ್ನ ಪಾಡಿಗೆ ಸರಿದಾಡಬೇಕು. ಗೋಡೆಯ ಬುಡಕ್ಕೆ ಸುತ್ತಲೂ ಮೂರಿಂಚು ಎತ್ತರ, ಮುಕ್ಕಾಲು ಇಂಚಿಗೆ ತುಸು ಮೇಲೆ ದಪ್ಪದ ಪಟ್ಟಿ ಹೊಡೆಯುವುದು ಅಂತಾಯಿತು. ಪಟ್ಟಿಯನ್ನು ಗೋಡೆಗೇ ಹೊಡೀಬೇಕು, ನೆಲಕ್ಕಲ್ಲ. ನೆಲಕ್ಕೆ ಹೊಡೆದರೆ ಹಲಗೆ ಜಗ್ಗಿದಾಗ ಪಟ್ಟಿಯೂ ಹೋಗ್ತದ, ಇಲ್ಲ ಹಲಗೆ ಸೀಳ್ತದ.

ಅದಕ್ಕಿಂತ ಮುಂಚೆ ಹದಿನೈದನೇ ಹಲಗೆ ಕೂಡಿಸುವುದಿತ್ತು. ನಮ್ಮ ಅನಾಹುತ ಆದದ್ದು ಇಲ್ಲೇ.

ಮುತ್ಯಾ ಹಲಗೆಗಳನ್ನು ಡಾಂಬರು ಅಂಕಿಯ ಪ್ರಕಾರವೇ ಹಾಕಿಸಿದ್ದರು, ಒಂದರಿಂದ ಹದಿನೈದು. ಹದಿನೈದನೆಯದು ಹಳೇ ಅಟ್ಟದಲ್ಲಿ ಗೋಡೆ ಬದಿಗಿತ್ತು, ಚೀಲ ಒಟ್ಟುವ ಜಾಗ. ಅದರ ಅಂಚಿನ ಹತ್ತಿರ, ಒಂದು ತುದಿಯಲ್ಲಿ, ಚಾಕುವಿನಿಂದ ಕೊರೆದ ಗೀರುಗಳಿದ್ದವು. ನಾಲ್ಕು ನಿಂತ ಗೀರು, ಅಡ್ಡ ಒಂದು. ಮತ್ತೆ ನಾಲ್ಕು, ಅಡ್ಡ ಒಂದು. ಮುತ್ಯಾನ ಅಪ್ಪ ಅಟ್ಟಕ್ಕೇರಿಸಿದ ಜೋಳದ ಚೀಲದ ಲೆಕ್ಕ. ಕೆಲವು ವರ್ಷ ಗೀರು ಬಹಳ, ಕೆಲವು ವರ್ಷ ನಾಲ್ಕಕ್ಕೇ ನಿಂತಿವೆ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಮನೆಯಲ್ಲಿ ಅವರ ಫೋಟೊ ಇಲ್ಲ. ಅವರ ಕೈಯಿಂದ ಆದದ್ದು ಅಂತ ಉಳಿದದ್ದು ಆ ಗೀರುಗಳೇ.

ಉಳಿದ ಜಾಗ ಹಲಗೆಯ ಅಗಲಕ್ಕಿಂತ ಕಡಿಮೆ. ಎಷ್ಟು ಕಡಿಮೆ ಅಂತ ಒಂದೇ ಅಂಕಿ ಹೇಳಲು ಬಾರದು, ಯಾಕಂದ್ರ ಗೋಡೆ ನೆಟ್ಟಗಿರಲಿಲ್ಲ. ಮೂರು-ನಾಲ್ಕು-ಐದರ ಲೆಕ್ಕದಿಂದ ಮೂಲೆ ನೋಡಿದೆವು, ಕಾಟಕೋನ ತಪ್ಪಿತ್ತು. ನಡುವೆ ಗಿಲಾಯದ ಹೊಟ್ಟೆ ಬೇರೆ. (ಗೋಡೆ ಕಟ್ಟಿದ ಗೌಂಡಿಯ ಬಗ್ಗೆ ಏನೂ ಅನ್ನುವುದಿಲ್ಲ. ನಮ್ಮ ಲ್ಯಾಬಿನಲ್ಲಿ ನಾವು ಕಟ್ಟಿದ ಮೂರಡಿ ಗೋಡೆಯನ್ನು ಆತ ನೋಡಿಲ್ಲ, ಅದು ನಮ್ಮ ಪುಣ್ಯ.) ಒಂದು ತುದಿಯಲ್ಲಿ 18 ಮಿಲಿಮೀಟರ್ ಕೊಯ್ದರೆ ಸಾಕು, ಇನ್ನೊಂದು ತುದಿಯಲ್ಲಿ 45 ಕೊಯ್ಯಬೇಕು. ಗೀರುಗಳಿದ್ದದ್ದು 18ರ ತುದಿಯಲ್ಲಿ. ಅಂಚಿನಿಂದ ನಾಲ್ಕು ಬೊಟ್ಟು ಒಳಗೂ ಅಲ್ಲ, ಎರಡು ಬೊಟ್ಟು ಒಳಗೆ. ಸರಿಯಾಗಿ ಕೊಯ್ದರೆ ಒಂದು ಗೀರಿಗೂ ಗರಗಸ ತಾಗುವುದಿಲ್ಲ.

ಗೋಡೆಯ ಡೊಂಕನ್ನು ಹಲಗೆಗೆ ಇಳಿಸುವ ಉಪಾಯ ಸರಳ. ಒಂದು ಉದ್ದ ರಟ್ಟನ್ನು ಗೋಡೆ ಬದಿಗೆ ಹಾಸಿ, ಅರ್ಧ ಇಂಚಿನ ಕಟ್ಟಿಗೆ ತುಂಡಿಗೆ ಪೆನ್ಸಿಲ್ ಹಚ್ಚಿ ಗೋಡೆಯ ಗುಂಟ ಎಳೆದುಕೊಂಡು ಹೋಗುವುದು. ಗೋಡೆ ಎಲ್ಲಿ ಉಬ್ಬಿದೆಯೋ ಅಲ್ಲಿ ಗೆರೆಯೂ ಒಳಗೆ ಬರುತ್ತದೆ. ರಟ್ಟು ಕತ್ತರಿಸಿ ಹಲಗೆಯ ಮೇಲಿಟ್ಟು ಗೆರೆ ಹಾಕಿಕೊಳ್ಳುವುದು. ಕಾಕಾ ಅಂದು ಲಗ್ನಕ್ಕೆ ಮುಧೋಳಕ್ಕೆ ಹೋಗಿದ್ದರು. ‘ನಾ ಬರೂತನಾ ಹದಿನೈದ ಮುಟ್ಟಬ್ಯಾಡ್ರಿ’ ಅಂತ ಹೇಳಿ ಹೋಗಿದ್ದರು. ಅದನ್ನೂ ಬರೆದೇಬಿಡಬೇಕು.

ನಾವು ಕಾಯಲಿಲ್ಲ. ಬೀಳಗಿಯಿಂದ ಬಾಡಿಗೆಗೆ ತಂದ ವಿದ್ಯುತ್ ಗರಗಸ ಇತ್ತು, ದಿನದ ಬಾಡಿಗೆ ಓಡುತ್ತಿತ್ತು. ಆ ಗರಗಸದ ತಳದ ತಗಡು ಹಲಗೆಯ ಮೈಗೆ ಉಜ್ಜುತ್ತದೆ, ಹಲ್ಲು ಮೇಲ್ಮೈಯನ್ನು ಚಿಪ್ಪು ಚಿಪ್ಪಾಗಿ ಎಬ್ಬಿಸುತ್ತದೆ. ಗೀರುಗಳಿಗೆ ಏನೂ ಆಗಬಾರದು ಅಂತ ಹಲಗೆಯನ್ನು ಬೋರಲು ಹಾಕಿ, ಬೆನ್ನಿನ ಮೇಲೆ ರಟ್ಟು ಇಟ್ಟು ಗೆರೆ ಎಳೆದೆವು. ಹಲಗೆ ಬೋರಲು ಹಾಕಿದ ಮೇಲೆ ರಟ್ಟನ್ನೂ ಬೋರಲು ಹಾಕಬೇಕಿತ್ತು. ಹಾಕಲಿಲ್ಲ. ನಾಲ್ಕು ಮಂದಿ ಇದ್ದೆವು. ಎಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಪಾಸಾದವರು ನಾಲ್ಕೂ ಮಂದಿ. ಒಬ್ಬರಿಗೂ ಹೊಳೆಯಲಿಲ್ಲ.

ಕೊಯ್ದು, ಧೂಳು ಒರೆಸಿ, ಹಲಗೆ ತಿರುವಿ ಹಾಕಿದಾಗ 18 ಕೊಯ್ಯಬೇಕಾದ ತುದಿಯಲ್ಲಿ 45 ಹೋಗಿತ್ತು. ಆರು ಗೀರುಗಳ ತಲೆ ಕೆಳಗೆ ಬಿದ್ದ ಪಟ್ಟಿಯಲ್ಲಿದ್ದವು.

ಆ ಹೊತ್ತಿನಲ್ಲಿ ಮುತ್ಯಾ ಮೇಲೆ ಬರುವ ಸಪ್ಪಳ ಕೇಳಿತು. ಮೆಟ್ಟಿಲು ಹತ್ತುವಾಗ ಅವರು ಬಡಿಗೆ ಊರುವ ಸಪ್ಪಳ. ಮೊಮ್ಮಗ ಹಲಗೆಯ ಮುಂದೆ ಅಡ್ಡ ನಿಂತ, ಏನೋ ಮುಚ್ಚಬಹುದು ಅನ್ನುವಂತೆ. ಮುತ್ಯಾ ನೋಡಿದರು. ಕೂತರು. ಬಿದ್ದ ಪಟ್ಟಿಯನ್ನು ಎತ್ತಿ ಹಲಗೆಗೆ ಹಚ್ಚಿ ಹಿಡಿದರು. ಗೀರಿನ ತಲೆ ಮೈಗೆ ಕೂಡಿತು. ಕೈ ತೆಗೆದರು, ಬಿದ್ದಿತು.

“ಬಡಿಗ್ಯಾ ಬರ್ಲಿ” ಅಂದರು. ಅಷ್ಟೇ. ಬೈದಿದ್ದರೆ ನಮಗೆ ಹಗುರಾಗುತ್ತಿತ್ತು. ಮಧ್ಯಾಹ್ನ ಆಯಿ ಊಟಕ್ಕೆ ಕರೆದರೆ ಯಾರೂ ಕೆಳಗೆ ಇಳಿಯಲಿಲ್ಲ. ಆಮೇಲೆ ಆಯಿಯೇ ಬುಟ್ಟಿಯಲ್ಲಿ ರೊಟ್ಟಿ, ಜುಣಕ ತಂದಿಟ್ಟು, “ಉಣ್ರಿ. ಹೊಳ್ಯಾಗ ಹೋದದ್ದಕ್ಕಿಂತ ಹೆಚ್ಚೇನ ಹೋಗಿಲ್ಲ” ಅಂದು ಹೋದರು.

ಕಾಕಾ ಮರುದಿನ ಬಂದರು. ಅವರು ಬೈದರು, ಅದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಬೈದು ಮುಗಿದ ಮೇಲೆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿದರು. ನೂಲು ಹಲಗೆಯ ಉದ್ದಕ್ಕೆ ಇರುವ ಕಡೆ ಅಂಟು ಚೆನ್ನಾಗಿ ಹಿಡಿಯುತ್ತದೆ, ಎರಡೂ ತುಂಡು ಒಂದೇ ಕಟ್ಟಿಗೆ, ಹಿಗ್ಗಿದರೂ ಕೂಡಿ ಹಿಗ್ಗುತ್ತವೆ. ಎರಡೂ ಅಂಚಿಗೆ ರಂದಾ ಒಂದೊಂದು ಸಲ ಹೊಡೆದು, ಅಂಟು ಹಚ್ಚಿ, ಹಗ್ಗ ಬಿಗಿದು, ಹಗ್ಗದೊಳಗೆ ಬೆಣೆ ತಿರುವಿ ಒಂದು ರಾತ್ರಿ ಬಿಟ್ಟರು. ಗರಗಸ ತಿಂದದ್ದು, ರಂದಾ ತಿಂದದ್ದು ಸೇರಿ ನಾಲ್ಕು ಮಿಲಿಮೀಟರ್ ಹೋಯಿತು. ಎಲ್ಲಿಂದ ತರುವುದು? ಕಾಕಾ ಹದಿನೈದನೇ ಹಲಗೆಯ ಗೋಡೆ ಬದಿಯ ಸಂದನ್ನು ಆ ತುದಿಯಲ್ಲಿ ನಾಲ್ಕು ಮಿಲಿಮೀಟರ್ ದೊಡ್ಡದು ಬಿಟ್ಟರು. ಪಟ್ಟಿಯ ದಪ್ಪ ಅದನ್ನು ಮುಚ್ಚುತ್ತದೆ, ಬರೋಬ್ಬರಿ ಮುಚ್ಚುತ್ತದೆ, ಬೆರಳಗಲವೂ ಉಳಿಯುವುದಿಲ್ಲ.

ಆಮೇಲೆ ರಟ್ಟನ್ನು ಹಲಗೆಯ ಮುಖದ ಮೇಲೆ ಇಟ್ಟು, ಕೈಗರಗಸದಿಂದ ಅವರೇ ಕೊಯ್ದರು. ನಮ್ಮನ್ನು ಹಲಗೆ ಹಿಡಿಯಲು ಹಚ್ಚಿದರು. ಈಗ ಹೋಗಿ ನೋಡಿದರೆ ಹಲಗೆಯ ಒಂದು ತುದಿಯಿಂದ ಕೂದಲೆಳೆಯಂಥ ಕಪ್ಪು ಗೆರೆ ಹೊರಟು, ಆರು ಗೀರುಗಳ ಕುತ್ತಿಗೆ ದಾಟಿ, ಅಂಚಿನ ಕಡೆಗೆ ಸರಿಯುತ್ತ ಸರಿಯುತ್ತ ಹಲಗೆಯ ನಡುಮಟ್ಟ ಬಂದು ಇಲ್ಲವಾಗುತ್ತದೆ. ಬಂದವರು ಅದನ್ನು ಕಟ್ಟಿಗೆಯ ನೂಲು ಅಂದುಕೊಳ್ಳುತ್ತಾರೆ. ನಮ್ಮ ಕಣ್ಣಿಗೆ ಖೋಲಿಯೊಳಗೆ ಬೇರೇನೂ ಕಾಣುವುದಿಲ್ಲ.

ಸುತ್ತಲಿನ ಪಟ್ಟಿಗೆ ಕಟ್ಟಿಗೆ ಹೊಸದು ತರಬೇಡಿ ಅಂದರು ಮುತ್ಯಾ. ದನದ ಮನೆಯಲ್ಲಿ ಉಳಿದಿದ್ದ ಒಂದು ಜಂತಿಯನ್ನು ಬೀಳಗಿಗೆ ಒಯ್ದು ಸಾ ಮಿಲ್ಲಿನಲ್ಲಿ ಸೀಳಿಸಿದೆವು. ಹಳೇ ಕಟ್ಟಿಗೆ ಅಂದರೆ ಮಿಲ್ಲಿನವರು ಹೆದರುತ್ತಾರೆ. ಒಳಗೆ ಮುರಿದ ಮೊಳೆ ಇದ್ದರೆ ಗರಗಸದ ಪಟ್ಟಿಯೇ ಹೋಗುತ್ತದೆ. ಹಳೇ ಸ್ಪೀಕರಿನ ಅಯಸ್ಕಾಂತ ಬಿಚ್ಚಿ ಜಂತಿಯ ಮೈ ತುಂಬ ಆಡಿಸಿದೆವು. ಹನ್ನೊಂದು ಮೊಳೆ ಸಿಕ್ಕವು. ನಾಲ್ಕು ಬದಿ ಚೌಕದ, ಕಮ್ಮಾರ ಬಡಿದ ಮೊಳೆಗಳು. ಆಯಿ ಅವನ್ನು ಡಬ್ಬಿಗೆ ಹಾಕಿ ಇಟ್ಟುಕೊಂಡರು.

ಪಟ್ಟಿ ಹೊಡೆಯುವುದು ಹೇಗೆ ಅನ್ನುವುದಕ್ಕೆ ಮತ್ತೊಂದು ವಾದ ಆಯಿತು. ಅಂಟು ಹಚ್ಚಿ ಒತ್ತಿದರೆ ಅರ್ಧ ದಿನದ ಕೆಲಸ, ತಲೆ ಕಾಣುವುದಿಲ್ಲ, ಚೆಂದ. ಕಾಕಾನೂ ಒಪ್ಪಿದರು. ಒಪ್ಪದವರು ಮುತ್ಯಾ.

“ಅಂಟ ಬ್ಯಾಡ, ಮೊಳಿ ಬ್ಯಾಡ. ಸ್ಕ್ರೂ ಹಾಕ್ರಿ. ಬಿಚ್ಚಾಕ ಬರಬೇಕು.”

“ಯಾಕ ಮುತ್ಯಾ? ಯಾರ ಬಿಚ್ಚತಾರ?”

“ನೀವ ಬಿಚ್ಚತೀರಿ. ನಾ ಇರ್ತೀನೋ ಇಲ್ಲೋ.”

ನಾವು ನಕ್ಕೆವು. ಅವರು ನಗದಿದ್ದದ್ದು ನೋಡಿ ನಿಲ್ಲಿಸಿದೆವು. “524 ಅಂದಾರಲ್ಲ” ಅಂದರು.

524 ನಮಗೆ ಗೊತ್ತಿಲ್ಲದ್ದೇನಲ್ಲ. ಜಲಾಶಯದ ಪಾಠದಲ್ಲಿ ಬರುತ್ತದೆ. ಕೃಷ್ಣಾ ಜಲವಿವಾದದ ಎರಡನೇ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಪರೀಕ್ಷೆಯಲ್ಲಿ ದಶಾಂಶ ತಪ್ಪಿದರೆ ಒಂದು ಮಾರ್ಕು ಹೋಗುತ್ತದೆ ಅಂತ ಬಾಯಿಪಾಠ ಮಾಡಿದ ಅಂಕಿ. ನಾಲ್ಕೂವರೆ ಮೀಟರ್ ಅಂದರೆ ಒಂದೂವರೆ ಮಾಳಿಗೆ ಎತ್ತರ. ಆ ಮಟ್ಟ ಬಾಡಗಂಡಿಯ ಆ ಮನೆಗೆ ಬರುವುದಿಲ್ಲ ಅಂತ ಮುತ್ಯಾಗೆ ಹೇಳಿದೆವು. ಮೊಬೈಲಿನಲ್ಲಿ ಎತ್ತರದ ನಕ್ಷೆ ತೆಗೆದು ತೋರಿಸಿದೆವು. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಆವಾಗೂ ಹಿಂಗ ನಕ್ಷೆ ತಂದಿದ್ರು” ಅಂದರು.

ಸ್ಕ್ರೂ ತಂದೆವು. ಹಿತ್ತಾಳೆಯವು, ಅವು ತುಕ್ಕು ಹಿಡಿಯುವುದಿಲ್ಲ. ಗೋಡೆಗೆ ರಂಧ್ರ ಕೊರೆದು ಪ್ಲಾಸ್ಟಿಕ್ ಪ್ಲಗ್ ಬಡಿದು, ಒಂದೊಂದು ಸ್ಕ್ರೂವಿಗೂ ಮೈ ತೊಳೆಯುವ ಸಾಬೂನು ಉಜ್ಜಿ ತಿರುಗಿಸಿದೆವು. ಸಾಬೂನು ಉಜ್ಜಿದರೆ ಒಳಗೆ ಹೋಗುವುದೂ ಸಲೀಸು, ಹೊರಗೆ ಬರುವುದೂ ಸಲೀಸು. ಕಾಕಾನ ಮಾತು. ಗೋಡೆಯ ಹೊಟ್ಟೆ ಇದ್ದಲ್ಲಿ ಪಟ್ಟಿಯ ಬೆನ್ನನ್ನು ರಂದಾದಿಂದ ತೆಳ್ಳಗೆ ಮಾಡಿದೆವು. ಮೂಲೆಗಳಲ್ಲಿ ಎರಡೂ ಪಟ್ಟಿಯನ್ನು 45 ಡಿಗ್ರಿಗೆ ಕೊಯ್ದು ಕೂಡಿಸಿದರೆ ಚೆಂದ ಅಂತ ನಮ್ಮ ಅಂದಾಜು. ಮೂಲೆಯೇ 90 ಇಲ್ಲದಾಗ 45 ಎಲ್ಲಿಂದ ಬರಬೇಕು! ಮೊದಲ ಮೂಲೆ ಬಾಯಿ ತೆರೆದುಕೊಂಡಿತು. ಆಮೇಲೆ ಕಾಕಾ ಹೇಳಿದಂತೆ ಒಂದು ಪಟ್ಟಿಯನ್ನು ಗೋಡೆ ಮುಟ್ಟ ಓಡಿಸಿ, ಇನ್ನೊಂದರ ತುದಿಯನ್ನು ಅದರ ಮುಖಕ್ಕೆ ಹೊಂದುವಂತೆ ಕೆತ್ತಿ ತಾಗಿಸಿದೆವು. ಮೂಲೆ ಎಷ್ಟು ಡಿಗ್ರಿ ಇದ್ದರೂ ನಡೆಯುತ್ತದೆ. ಪಟ್ಟಿಗೂ ನೆಲಕ್ಕೂ ನಡುವೆ ಒಂದು ಅಂಚೆ ಕಾರ್ಡು ಇಟ್ಟು ಹೊಡೆದು, ಆಮೇಲೆ ಕಾರ್ಡು ಎಳೆದುಬಿಟ್ಟೆವು.

ಬಾಗಿಲಲ್ಲಿ ಪಟ್ಟಿ ಹೊಡೆಯಲು ಬರುವುದಿಲ್ಲ, ಕಾಲಿಗೆ ತೊಡರುತ್ತದೆ. ಅಲ್ಲಿ ಹಳೇ ಮನೆಯ ಹೊಸ್ತಿಲು ಕೆಲಸಕ್ಕೆ ಬಂತು. ಅದನ್ನು ಕೆಳಗಿನ ದೇವರ ಖೋಲಿಯಿಂದ ಎಬ್ಬಿಸಲು ಆಯಿ ಒಪ್ಪಿದ್ದೇ ನಮಗೆ ಆಶ್ಚರ್ಯ. ಅದರ ಒಳಬದಿಯ ತಳವನ್ನು ಉಳಿಯಿಂದ ಮುಕ್ಕಾಲು ಇಂಚು ಮೆಟ್ಟು ತೆಗೆದು, ಹಲಗೆಗಳ ತುದಿ ಅದರ ಅಡಿಯಲ್ಲಿ ಸಡಿಲವಾಗಿ ಹೋಗುವಂತೆ ಕೂಡಿಸಿದರು ಕಾಕಾ. ಕೂಡಿಸುವ ಮುಂಚೆ ಆಯಿ ಅರಿಷಿಣ-ಕುಂಕುಮ ಹಚ್ಚಿದರು. ಉಳಿ ಹಚ್ಚುವ ಮುಂಚೆ ಒಮ್ಮೆ, ಹಚ್ಚಿದ ಮೇಲೆ ಒಮ್ಮೆ.

ಪಟ್ಟಿ ಹೊಡೆಯುವ ಮುನ್ನವೇ ಒಂದು ಕೆಲಸ ಮಾಡಿದ್ದೆವು, ಅದನ್ನು ಹೇಳುವುದು ಮರೆತೆವು. ಹಲಗೆಯ ಕೊಯ್ದ ತುದಿಗಳಿಗೆ ಮೂರು ಸಲ ಅಗಸೆ ಎಣ್ಣೆ ಕುಡಿಸಿದ್ದು. ಕಟ್ಟಿಗೆ ಮೈಗಿಂತ ತುದಿಯಿಂದ ಬಹಳ ಬೇಗ ನೀರು ಎಳೆದುಕೊಳ್ಳುತ್ತದೆ, ಹುಲ್ಲಿನ ಕಡ್ಡಿಗಳ ಕಟ್ಟು ಇದ್ದಂತೆ. ಪಟ್ಟಿಯ ಮರೆಗೆ ಹೋಗುವ ಅಂಚಿಗೆ ಆಮೇಲೆ ಎಣ್ಣೆ ಹಚ್ಚಲು ಕೈ ಹೋಗುವುದಿಲ್ಲ. ಗಾಣದ ಹಸಿ ಎಣ್ಣೆ ಒಣಗಲು ದಿನಗಟ್ಟಲೆ ತಗೊಳ್ತದ, ನಮ್ಮ ಹನ್ನೊಂದು ದಿನದಲ್ಲಿ ಅರ್ಧ ಅಲ್ಲಿಗೇ ಹೋದವು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಬಿಡುತ್ತದೆ, ಮುದ್ದೆಯೊಳಗೆ ಕಾವು ಕೂಡಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ಬಿಡಿಸಿ ಹಗ್ಗಕ್ಕೆ ಹಾಕಿ. ಹಾಸ್ಟೆಲಿನಲ್ಲಿ ಯಾರಾದರೂ ಕ್ರಿಕೆಟ್ ಬ್ಯಾಟಿಗೆ ಎಣ್ಣೆ ಹಚ್ಚುವವರಿದ್ದರೆ ಅವರಿಗೂ ಹೇಳಿ.

ಆಗಸ್ಟಿನ ಎರಡನೇ ಶನಿವಾರ ಮತ್ತೆ ಬಾಡಗಂಡಿಗೆ ಹೋದೆವು. ಅನಗವಾಡಿ ಸೇತುವೆಯ ಕೆಳಗೆ ನೀರು ದಂಡೆ ತುಂಬಿತ್ತು. ಒಂದು ವಾರದಿಂದ ಜಿಟಿಜಿಟಿ. ಮೆಟ್ಟಿಲು ಹತ್ತುವಾಗ ನಮ್ಮ ನಾಲ್ವರ ಎದೆಯಲ್ಲೂ ಒಂದೇ ಚಿಂತೆ: ನೆಲ ಎದ್ದಿದ್ದರೆ?

ಎದ್ದಿರಲಿಲ್ಲ. ಹಲಗೆ ಹಲಗೆಯ ನಡುವಿನ ಸಂದು ಮುಚ್ಚಿಹೋಗಿದ್ದವು, ಇಸ್ಪೀಟಿನ ಒಂದು ಎಲೆಯೂ ಹೋಗದಷ್ಟು. ಗೋಡೆ ಬದಿಯ ಸಂದು ನೋಡಲು ಒಂದು ಪಟ್ಟಿ ಬಿಚ್ಚಬೇಕಿತ್ತು. ಮುತ್ಯಾ ಸ್ಕ್ರೂಡ್ರೈವರನ್ನು ನಮ್ಮ ಕೈಯಿಂದ ತಗೊಂಡರು. ಕೂತು, ಒಂದೊಂದೇ ಸ್ಕ್ರೂ ಬಿಚ್ಚಿ ಪಂಚೆಯ ಮಡಿಲಲ್ಲಿ ಹಾಕಿಕೊಂಡರು. ಅಷ್ಟು ಸಲೀಸಾಗಿ ಬಂದವು. ನಾವು ಡ್ರಿಲ್ಲಿನ ಬಿಟ್ಟುಗಳನ್ನೇ ಸಂದಿಗೆ ಇಳಿಸಿ ಅಳೆದೆವು. 6 ಮಿಲಿಮೀಟರಿನದು ಹೋಯಿತು, 8ರದು ಹೋಗಲಿಲ್ಲ. ಬೇಸಿಗೆಯಲ್ಲಿ ಬಿಟ್ಟ ಅರ್ಧ ಇಂಚಿನಲ್ಲಿ ಅರ್ಧದಷ್ಟು ಹಲಗೆ ತಿಂದಿತ್ತು. ನಮ್ಮ ಲೆಕ್ಕಕ್ಕಿಂತ ಕಡಿಮೆಯೇ. ಸ್ಕ್ರೂಗಳ ಹಿಡಿತ, ಎಣ್ಣೆ, ಎಲ್ಲ ಹಲಗೆಯನ್ನೂ ಒಂದೇ ರೀತಿ ಸೀಳಿರದಿರುವುದು, ಇವನ್ನೆಲ್ಲ ನಾವು ಹಿಡಿದಿರಲಿಲ್ಲ. ಸಿಮೆಂಟು ತುಂಬಿದ್ದರೆ ಆ ಆರು ಮಿಲಿಮೀಟರ್ ಎಲ್ಲಿಗೆ ಹೋಗುತ್ತಿತ್ತು ಅಂತ ಕಾಕಾ ಕೇಳಿದರು. ನಾವು ಮೇಲೆ ನೋಡಿದೆವು.

ಮುತ್ಯಾ ಪಟ್ಟಿಯನ್ನು ತಿರುವಿ ಬೆನ್ನು ನೋಡುತ್ತಿದ್ದರು. ಅಲ್ಲಿ ನಾವು ಪೆನ್ಸಿಲಿನಿಂದ ‘ಪೂರ್ವ-2’ ಅಂತ ಬರೆದಿದ್ದೆವು. ಅದು ಆಗಲೇ ಮಾಸಿತ್ತು.

“ಇದು ನಿಲ್ಲಂಗಿಲ್ಲ. ಡಾಂಬರ ತರ್ರಿ.”

ಕ್ರಾಸಿನ ಹತ್ತಿರ ರಸ್ತೆ ಕೆಲಸದವರು ಮಳೆಗೆ ನಿಲ್ಲಿಸಿ ಹೋಗಿದ್ದ ಡ್ರಮ್ಮಿನಿಂದ ಒಂದು ಡಬ್ಬಿಯಷ್ಟು ಕೆರೆದು ತಂದೆವು. ಆಯಿ ಒಲೆಯ ಮೇಲೆ ಕಾಯಿಸಲು ಬಿಡಲಿಲ್ಲ, ಹಿತ್ತಲಲ್ಲಿ ಮೂರು ಕಲ್ಲಿಟ್ಟು ಕಾಯಿಸಿದೆವು. ಸಂಜೆಯ ತನಕ ಎಲ್ಲ ಪಟ್ಟಿ ಬಿಚ್ಚಿ, ಸಾಲಾಗಿ ಬೋರಲು ಹಾಕಿ, ಮುತ್ಯಾ ಕಡ್ಡಿಗೆ ಬಟ್ಟೆ ಸುತ್ತಿ ಅಂಕಿ ಬರೆದರು. ಬಾಗಿಲಿನ ಎಡಬದಿಯ ಪಟ್ಟಿಯಿಂದ ಶುರು ಮಾಡಿದರು. ಒಂದರಿಂದಲ್ಲ, 16ರಿಂದ.